ಗ್ಯಾಲಕ್ಸಿಯಲ್ಲಿ ದಾರಿ ಕೇಳೋದು ಹೇಗೆ?

ಎಕ್ಸಾಮ್ ಮುಗಿದ ಮೇಲೆ ನಾವು ರೂಮಿನವರೆಲ್ಲ ಸೇರಿ 'ಸ್ಟಾರ್ ಟ್ರೆಕ್: ವಾಯೇಜರ್' ನೋಡೋಕೆ ಕೂತ್ವಿ. 1995ರಿಂದ 2001ರವರೆಗೆ ಬಂದ ಸೀರಿಯಲ್. ಒಂದು ಅಂತರಿಕ್ಷ ನೌಕೆ ಮನೆಯಿಂದ 70,000 ಜ್ಯೋತಿರ್ವರ್ಷ ದೂರ ಹೋಗಿ ಬೀಳುತ್ತೆ. ಫುಲ್ ಸ್ಪೀಡಲ್ಲಿ ಬಂದರೂ ವಾಪಸ್ ತಲುಪೋಕೆ ಸುಮಾರು 75 ವರ್ಷ ಬೇಕು. ಎಲ್ಲರೂ ಆ ಸ್ಪೀಡ್ ಬಗ್ಗೆ ಮಾತಾಡ್ತಾರೆ. ನಮಗೆ ಬಂದ ಡೌಟ್ ಬೇರೆ: ಯಾವ ಕಡೆ ತಿರುಗಬೇಕು ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ? ಅಲ್ಲಿ ಪೂರ್ವ-ಪಶ್ಚಿಮ ಇಲ್ಲ, ದಿಕ್ಸೂಚಿ ನಡೆಯಲ್ಲ, ಮೇಲೆ-ಕೆಳಗೆ ಅನ್ನೋದೂ ಇಲ್ಲ.

ಸೀರಿಯಲ್‌ನಲ್ಲಿ 'ಬೇರಿಂಗ್ 45 ಮಾರ್ಕ್ 20' ಅಂತ ಹೇಳೋದನ್ನ ನೀವು ಕೇಳಿರಬಹುದು. ಅದು ನಮ್ಮ ಮ್ಯಾಥ್ಸ್‌ನ ಸ್ಫೆರಿಕಲ್ ಕೋಆರ್ಡಿನೇಟ್ಸ್ ಅಷ್ಟೇ. ಮೊದಲ ಸಂಖ್ಯೆ ಅಡ್ಡಲಾಗಿ ಎಷ್ಟು ಡಿಗ್ರಿ ತಿರುಗಬೇಕು ಅನ್ನೋದು, ಎರಡನೆಯದು ಎಷ್ಟು ಡಿಗ್ರಿ ಮೇಲೆ ಅನ್ನೋದು. '0 ಮಾರ್ಕ್ 0' ಅಂದ್ರೆ ನೇರ ಮುಂದೆ, '180 ಮಾರ್ಕ್ 0' ಅಂದ್ರೆ ಸರಿಯಾಗಿ ಹಿಂದೆ. ದಿಕ್ಕು ಹೇಳೋಕೆ ಎರಡು ಕೋನ ಸಾಕು. ಜಾಗ ಹೇಳಬೇಕಾದ್ರೆ ಮಾತ್ರ ಮೂರನೆಯದಾಗಿ ದೂರವೂ ಬೇಕು.

ಆದರೆ ಇಲ್ಲೊಂದು ತೊಂದರೆ ಇದೆ. ದಾರಿ ತಪ್ಪಿದ ಫ್ರೆಶರ್ ಫೋನ್ ಮಾಡಿದಾಗ 'ಎಡಕ್ಕೆ ತಿರುಗು' ಅಂದ್ರೆ ಏನೂ ಉಪಯೋಗವಿಲ್ಲ. ಅವನು ಯಾವ ಕಡೆ ಮುಖ ಮಾಡಿ ನಿಂತಿದ್ದಾನೋ! 'ಮೊದಲು ಮೇನ್ ಗೇಟ್ ಕಡೆ ತಿರುಗಿ ನಿಲ್ಲು' ಅನ್ನಬೇಕು. ಬೇರಿಂಗ್ ಅನ್ನೋದು ಆ 'ಎಡಕ್ಕೆ' ಇದ್ದ ಹಾಗೆ, ನೌಕೆಯ ಮೂತಿಯಿಂದ ಅಳೆಯೋದು. ಪಕ್ಕದ ನೌಕೆಗೆ ಅದೇ ಸಂಖ್ಯೆ ಬೇರೆ ದಿಕ್ಕು. ಅದಕ್ಕೇ ಸ್ಟಾರ್ ಟ್ರೆಕ್‌ನಲ್ಲಿ 'ಹೆಡಿಂಗ್' ಅಂತ ಇನ್ನೊಂದಿದೆ. ಅದರಲ್ಲಿ ಸೊನ್ನೆ ಅಂದ್ರೆ ಗ್ಯಾಲಕ್ಸಿಯ ಕೇಂದ್ರದ ಕಡೆ. ಕೇಂದ್ರವೇ ಎಲ್ಲರಿಗೂ ಮೇನ್ ಗೇಟ್!

ಇನ್ನು ಜಾಗದ ಹೆಸರು. ಅವರು ಗ್ಯಾಲಕ್ಸಿಯನ್ನ ಆಲ್ಫಾ, ಬೀಟಾ, ಗಾಮಾ, ಡೆಲ್ಟಾ ಅಂತ ನಾಲ್ಕು ಭಾಗ ಮಾಡಿದ್ದಾರೆ. ಆಲ್ಫಾ-ಬೀಟಾ ನಡುವಿನ ಗೆರೆ ಎಲ್ಲಿ ಹೋಗುತ್ತೆ ಗೊತ್ತಾ? ನಮ್ಮ ಸೂರ್ಯನ ಮೇಲೇ! ತಮಾಷೆ ಅಂದ್ರೆ ಗಾಮಾ ಭಾಗದಲ್ಲೇ ಹುಟ್ಟಿ ಬೆಳೆದ ಶತ್ರುಗಳೂ ನಮ್ಮ ಕಡೆಯನ್ನ 'ಆಲ್ಫಾ' ಅಂತಾನೇ ಕರೀತಾರೆ.

ನಗಬೇಡಿ, ನಿಜ ಜೀವನದಲ್ಲೂ ಹೀಗೇ. ನಮ್ಮ ಹಳೇ ಜ್ಯೋತಿಷ ಸಿದ್ಧಾಂತಗಳಲ್ಲಿ ಸೊನ್ನೆ ರೇಖಾಂಶ ಉಜ್ಜಯಿನಿಯ ಮೇಲೆ ಹೋಗುತ್ತಿತ್ತು. 1884ರಲ್ಲಿ ವಾಷಿಂಗ್ಟನ್‌ನಲ್ಲಿ ಸಭೆ ಸೇರಿ ಅದನ್ನ ಗ್ರೀನಿಚ್‌ಗೆ ಒಪ್ಪಿದರು. ಖಗೋಳ ವಿಜ್ಞಾನಿಗಳು ಇವತ್ತು ಬಳಸೋ ಗ್ಯಾಲಕ್ಟಿಕ್ ಕೋಆರ್ಡಿನೇಟ್ಸ್‌ನಲ್ಲೂ ಸೂರ್ಯನೇ ಮಧ್ಯಬಿಂದು, ಗ್ಯಾಲಕ್ಸಿಯ ಕೇಂದ್ರ ಸೊನ್ನೆ ಡಿಗ್ರಿ. ಅಳೆಯುವವರು ಎಲ್ಲಿದ್ದಾರೋ ಸೊನ್ನೆಯೂ ಅಲ್ಲೇ.

ಸೊನ್ನೆ ಎಲ್ಲಾದರೂ ಇರಲಿ, ಲೆಕ್ಕ ಮಾತ್ರ ತಪ್ಪಬಾರದು. 70,000 ಜ್ಯೋತಿರ್ವರ್ಷದ ದಾರಿಯಲ್ಲಿ ಒಂದೇ ಡಿಗ್ರಿ ತಪ್ಪಿ, ನಡುವೆ ತಿದ್ದಿಕೊಳ್ಳದೇ ಹೋದರೆ ಸುಮಾರು 1,200 ಜ್ಯೋತಿರ್ವರ್ಷ ಪಕ್ಕಕ್ಕೆ ಹೋಗಿರ್ತೀವಿ. ಬೇಕಾದ್ರೆ ಟ್ಯಾನ್ 1 ಡಿಗ್ರಿ ಹಾಕಿ ನೋಡಿ. ಅವರ ಸ್ಪೀಡಿಗೆ ಅದು ಒಂದು ವರ್ಷಕ್ಕಿಂತ ಜಾಸ್ತಿ ಪ್ರಯಾಣ. ಇನ್ನೊಂದು ವಿಷಯ: 70,000 ಜ್ಯೋತಿರ್ವರ್ಷ ದೂರದಿಂದ ಕಾಣೋ ಸೂರ್ಯ 70,000 ವರ್ಷ ಹಳೇ ಸೂರ್ಯ. ಅಷ್ಟರಲ್ಲಿ ಅದು ಗ್ಯಾಲಕ್ಸಿಯ ಸುತ್ತ ತಿರುಗ್ತಾ ಮುಂದೆ ಹೋಗಿರುತ್ತೆ. ಅಂದ್ರೆ ಮನೆ ಕಾಣೋ ಕಡೆ ಹೋದರೆ ಮನೆ ಸಿಗಲ್ಲ!

ಹಾಗಾದ್ರೆ ದಾರಿಯಲ್ಲಿ ತಿದ್ದಿಕೊಳ್ಳೋದು ಹೇಗೆ? ಪಲ್ಸಾರ್‌ಗಳಿವೆಯಲ್ಲ. ಇವು ಗಡಿಯಾರದಷ್ಟು ಕರಾರುವಾಕ್ಕಾಗಿ ಮಿಡಿಯೋ ನಕ್ಷತ್ರಗಳು, ಒಂದೊಂದರ ಲಯವೂ ಬೇರೆ. 1972ರಲ್ಲಿ ಹೊರಟ ಪಯೋನಿಯರ್ 10 ನೌಕೆಯ ಫಲಕದಲ್ಲಿ ನಮ್ಮ ವಿಳಾಸ ಬರೆದಿದ್ದೇ 14 ಪಲ್ಸಾರ್‌ಗಳನ್ನ ಗುರುತಾಗಿಟ್ಟುಕೊಂಡು. 2017ರಲ್ಲಿ ನಾಸಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಪಲ್ಸಾರ್‌ಗಳ ಎಕ್ಸ್-ರೇ ಮಿಡಿತ ನೋಡಿಯೇ ನಿಲ್ದಾಣ ಎಲ್ಲಿದೆ ಅಂತ ಕಂಡುಹಿಡಿಯೋ ಪ್ರಯೋಗ ಮಾಡಿ ಗೆದ್ದಿತು.

ಅಲ್ಲಿಗೆ ದಾರಿ ಹೇಳೋಕೆ ಬೇಕಾದ್ದು ಎರಡೇ: ಎಲ್ಲರೂ ಒಪ್ಪಿದ ಒಂದು ಸೊನ್ನೆ, ಎಲ್ಲರಿಗೂ ಕಾಣೋ ನಾಲ್ಕಾರು ಗುರುತು. ಮುಂದಿನ ಸಲ ಯಾರಾದ್ರೂ ಫ್ರೆಶರ್ ದಾರಿ ಕೇಳಿದ್ರೆ ಬರೀ 'ಎಡಕ್ಕೆ' ಅಂದು ಸುಮ್ಮನಾಗಬೇಡಿ. ಯಾವುದರ ಎಡಕ್ಕೆ ಅಂತಾನೂ ಹೇಳಿ!