ಸೌಕರ್ಯವಿಧಾನಗಳ ನಾಮಕರಣ

ಗಣಕಭಾಷೆಗಳ ಲೈಬ್ರರಿಗಳಲ್ಲಿ ಕೆಲವು ವಿಧಾನಗಳು ಹೊಸ ಶಕ್ತಿಯನ್ನೇನೂ ಕೊಡುವುದಿಲ್ಲ. ಎರಡು ಮೂರು ಹೆಜ್ಜೆಗಳ ಕೆಲಸವನ್ನು ಒಂದೇ ಹೆಸರಿನಿಂದ ಮುಗಿಸುತ್ತವೆ. ಇವೇ ಸೌಕರ್ಯವಿಧಾನಗಳು. ಹೆಸರು ದಾರಿ ತಪ್ಪಿಸಿದರೆ ಇಂಥ ಸೌಕರ್ಯವೇ ಅಪಾಯಕ್ಕೆ ಕಾರಣವಾಗುತ್ತದೆ.

ಪೈಥಾನ್ ಭಾಷೆಯ ‘ಸಾರ್ಟ್’ ಎಂಬುದು ಮೂಲಪಟ್ಟಿಯನ್ನೇ ಕ್ರಮಪಡಿಸುತ್ತದೆ. ಬೇರೊಂದು ಪಟ್ಟಿಯನ್ನು ಕೊಡುವುದಿಲ್ಲ. ಅರ್ಜಿಗಳು ಬಂದ ಅನುಕ್ರಮದಲ್ಲಿದ್ದ ಪಟ್ಟಿಯನ್ನು ಹೀಗೆ ಅಕಾರಾದಿಯಾಗಿ ಜೋಡಿಸಿದರೆ, ಮೊದಲು ಬಂದವರು ಯಾರೆಂಬುದೇ ಅಳಿದುಹೋದೀತು. ಅದನ್ನು ಉಳಿಸಬೇಕಾದವರು ಮೊದಲು ಪ್ರತಿ ಮಾಡಿಕೊಂಡು, ಬಳಿಕ ಪ್ರತಿಯನ್ನು ಕ್ರಮಪಡಿಸಬೇಕಾಗಿತ್ತು. ಈ ಎರಡು ಹೆಜ್ಜೆಗಳನ್ನು ಒಂದುಗೂಡಿಸಿ 2004ರಲ್ಲಿ ‘ಸಾರ್ಟೆಡ್’ ಬಂದಿತು. ಮೊದಲನೆಯ ಹೆಸರು ಆಜ್ಞಾರ್ಥಕ ಕ್ರಿಯಾಪದ, ಎರಡನೆಯದು ಕೃದಂತ. ಕನ್ನಡದ ‘ಜೋಡಿಸು’, ‘ಜೋಡಿಸಿದ’ ಎಂಬ ರೂಪಗಳಿಗಿರುವಷ್ಟೇ ಅಂತರ. ಆಜ್ಞೆಯು ವಸ್ತುವನ್ನು ಮಾರ್ಪಡಿಸುತ್ತದೆ. ಕೃದಂತವು ಹೊಸದಾಗಿ ದೊರೆಯುವ ಫಲವನ್ನು ಸೂಚಿಸುತ್ತದೆ.

ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ತೊಡಕು ಇನ್ನೂ ಸೂಕ್ಷ್ಮವಾದುದು. ಅಲ್ಲಿನ ‘ಸಾರ್ಟ್’ ಮೂಲವನ್ನು ಮಾರ್ಪಡಿಸಿ ಅದನ್ನೇ ಹಿಂದಿರುಗಿಸುವುದರಿಂದ, ಹೊಸ ಪಟ್ಟಿ ದೊರೆಯಿತೆಂಬ ಭ್ರಾಂತಿ ಸಹಜವಾಗಿಯೇ ಉಂಟಾಗುತ್ತದೆ. ಮೂಲವನ್ನು ಮುಟ್ಟದ ‘ಟುಸಾರ್ಟೆಡ್’ ಎಂಬ ವಿಧಾನ 2023ರಲ್ಲಿ ಆ ಭಾಷೆಯ ಪ್ರಮಾಣದಲ್ಲಿ ಸೇರಿತು. ವೈಯಾಕರಣರು ಪ್ರತ್ಯಯವೊಂದರಲ್ಲಿ ಕಾಣುವ ಅರ್ಥಭೇದವು ಇಲ್ಲಿ ಮಾಹಿತಿಯ ಉಳಿವು ಅಳಿವುಗಳನ್ನೇ ನಿರ್ಣಯಿಸುತ್ತದೆ.