ಕ್ರಿಸ್‌ಮಸ್‌ಗೆ ಮುಂಚೆ ಬಂದ ಒಂದು ಪತ್ರ

1887ರ ಸೆಪ್ಟೆಂಬರ್ 15. ಚೀನಾದ ಶಾನ್‌ಡಾಂಗ್ ಪ್ರಾಂತ್ಯದ ಕಡಲತಡಿಯ ಊರು ಟೆಂಗ್‌ಚೌದಲ್ಲಿ ಕುಳಿತು ಲಾಟಿ ಮೂನ್ ತನ್ನ ದೇಶದ ಹೆಂಗಸರಿಗೆ ಒಂದು ಪತ್ರ ಬರೆದರು. ಅಮೆರಿಕದ ದಕ್ಷಿಣ ಬ್ಯಾಪ್ಟಿಸ್ಟರ ವಿದೇಶಿ ಮಿಷನ್ ಮಂಡಳಿ ಕಳಿಸಿದ್ದ ಮಿಷನರಿ ಆಕೆ. ವಯಸ್ಸು 46, ಮದುವೆಯಾಗಿರಲಿಲ್ಲ, ಹತ್ತು ವರ್ಷದಿಂದ ಊರಿನ ಮುಖ ಕಂಡಿರಲಿಲ್ಲ. ಪತ್ರ ಕಡಲು ದಾಟಿ ಮಂಡಳಿಯ ಪತ್ರಿಕೆಯಲ್ಲಿ ಅಚ್ಚಾಗುವ ಹೊತ್ತಿಗೆ ಡಿಸೆಂಬರ್ ಬಂದಿತ್ತು. ಅದರಲ್ಲಿದ್ದದ್ದು ಸರಳವಾದ ಕೋರಿಕೆ. ಮೆಥಡಿಸ್ಟ್ ಹೆಂಗಸರು ಕ್ರಿಸ್‌ಮಸ್‌ಗೆ ಮುಂಚಿನ ಒಂದು ವಾರವನ್ನು ಪ್ರಾರ್ಥನೆಗೂ ಕಾಣಿಕೆಗೂ ಮೀಸಲಿಡುತ್ತಾರೆ, ನಾವೇಕೆ ಹಾಗೆ ಮಾಡಬಾರದು? ದೇವರು ಮಗನನ್ನೇ ಕೊಟ್ಟನೆಂದು ನೆನೆದು ಒಬ್ಬರಿಗೊಬ್ಬರು ಉಡುಗೊರೆ ಕೊಡುವ ಕಾಲದಲ್ಲಿ ದೂರದವರಿಗೂ ಒಂದು ಪಾಲು ಎತ್ತಿಡಲಾಗದೆ?

ಈ ಪತ್ರದಿಂದ ಹುಟ್ಟಿದ ಕ್ರಿಸ್‌ಮಸ್ ಕಾಣಿಕೆ ಇಂದಿಗೂ ಆಕೆಯ ಹೆಸರಿನಲ್ಲೇ ನಡೆದುಬಂದಿದೆ. ದಕ್ಷಿಣ ಬ್ಯಾಪ್ಟಿಸ್ಟ್ ಸಭೆಗಳು ಈಚಿನ ವರ್ಷಗಳಲ್ಲಿ ವರ್ಷಕ್ಕೆ 15 ಕೋಟಿ ಡಾಲರ್‌ಗೂ ಹೆಚ್ಚು ಕೂಡಿಸುತ್ತವೆ. ಮೊತ್ತ ದೊಡ್ಡದೇ. ಆದರೆ ನನ್ನ ಮನಸ್ಸು ನಿಲ್ಲುವುದು ಆ ಮೊತ್ತದಲ್ಲಲ್ಲ, ದಣಿದ ಹೆಂಗಸೊಬ್ಬಳು ನಾಚಿಕೆಯಿಲ್ಲದೆ ನೆರವು ಕೇಳಿದಳಲ್ಲ, ಅದರಲ್ಲಿ.

ಆಕೆ ಬಂದ ಹಿನ್ನೆಲೆ ನಿರ್ಮಲವಾದದ್ದೇನಲ್ಲ. 1840ರ ಡಿಸೆಂಬರ್ 12ರಂದು ವರ್ಜೀನಿಯಾದ ಹೊಗೆಸೊಪ್ಪಿನ ಜಮೀನ್ದಾರರ ಮನೆಯಲ್ಲಿ ಹುಟ್ಟಿದರು. ಆ ಮನೆಯ ಸಿರಿ ಗುಲಾಮರ ಬೆವರಿನಿಂದ ಬಂದದ್ದು. ಆಕೆಯನ್ನು ಚೀನಾಕ್ಕೆ ಕಳಿಸಿದ ದಕ್ಷಿಣ ಬ್ಯಾಪ್ಟಿಸ್ಟ್ ಒಕ್ಕೂಟವೇ 1845ರಲ್ಲಿ ಗುಲಾಮಗಿರಿಯ ಪ್ರಶ್ನೆಯ ಮೇಲೆ ಉತ್ತರದವರಿಂದ ಒಡೆದು ಹುಟ್ಟಿದ್ದು. ಇದನ್ನು ಬದಿಗಿಟ್ಟು ಆಕೆಯನ್ನು ಹೊಗಳಿದರೆ ಅದು ಪ್ರಾಮಾಣಿಕ ಬರವಣಿಗೆಯಾಗದು. ಅದೇ ಮನೆಯಲ್ಲಿ ಹೆಣ್ಣುಮಕ್ಕಳಿಗೆ ವಿದ್ಯೆಯ ಬಾಗಿಲು ತೆರೆದಿತ್ತೆಂಬುದೂ ಅಷ್ಟೇ ನಿಜ. ಅಕ್ಕ ಒರಿಯಾನಾ ವೈದ್ಯೆಯಾದರು. ಲಾಟಿ ಲ್ಯಾಟಿನ್, ಗ್ರೀಕ್, ಹೀಬ್ರೂ ಕಲಿತು 1861ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಅಮೆರಿಕದ ದಕ್ಷಿಣದಲ್ಲಿ ಅಂಥ ಪದವಿ ಪಡೆದ ಮೊದಲ ಹೆಂಗಸರ ಸಾಲಿನಲ್ಲಿ ಆಕೆಯ ಹೆಸರಿದೆ. ಅಂತರ್ಯುದ್ಧದಲ್ಲಿ ಮನೆತನದ ಸಿರಿ ಕರಗಿತು. ಆಕೆ ಶಾಲೆಯಲ್ಲಿ ಕಲಿಸಿ ಬದುಕಿದರು, 1873ರಲ್ಲಿ ಹಡಗು ಹತ್ತಿದರು. ತಂಗಿ ಎಡ್ಮೋನಿಯಾ ಒಂದು ವರ್ಷ ಮೊದಲೇ ಟೆಂಗ್‌ಚೌಗೆ ಹೋಗಿದ್ದರು. ಆದರೆ ಅವರ ಆರೋಗ್ಯ ಅಲ್ಲಿ ನಿಲ್ಲಲಿಲ್ಲ. ತಂಗಿಯನ್ನು ಊರಿಗೆ ಮುಟ್ಟಿಸಿದ ಲಾಟಿ 1877ರ ಕೊನೆಗೆ ಒಬ್ಬರೇ ಚೀನಾಕ್ಕೆ ಮರಳಿದರು.

ಟೆಂಗ್‌ಚೌ, ಇಂದಿನ ಪೆಂಗ್‌ಲಾಯ್, 1858ರ ಟಿಯಾಂಜಿನ್ ಒಪ್ಪಂದದಲ್ಲಿ ವಿದೇಶಿಯರಿಗೆ ತೆರೆದ ಬಂದರುಗಳ ಪಟ್ಟಿಯಲ್ಲಿತ್ತು. ಯುದ್ಧದಲ್ಲಿ ಸೋಲಿಸಿ ಹೇರಿದ ಒಪ್ಪಂದ ಅದು. ಮಿಷನರಿಗಳು ಒಳನಾಡಿಗೆ ಕಾಲಿಟ್ಟದ್ದು ಅದರ ಬೆನ್ನಿಗೇ. ಹಾಗಾಗಿ ಬೀದಿಯಲ್ಲಿ ‘ವಿದೇಶಿ ದೆವ್ವ’ ಎಂಬ ಕೂಗು ಕೇಳಿಬಂದರೆ ಅದಕ್ಕೆ ಕಾರಣವಿತ್ತು. ಆ ಕೂಗನ್ನು ಲಾಟಿ ಎದುರಿಸಿದ ಬಗೆ ನನಗೆ ಇಷ್ಟ. ಮನೆಯಲ್ಲಿ ಸಕ್ಕರೆ ಬಿಸ್ಕತ್ತು ಸುಟ್ಟು ಮಕ್ಕಳಿಗೆ ಹಂಚಿದರು. ಮಕ್ಕಳ ಹಿಂದೆ ತಾಯಂದಿರು ಬಂದರು. ಮೊದಮೊದಲು ಪಾಶ್ಚಾತ್ಯ ಉಡುಪನ್ನೇ ತೊಡುತ್ತಿದ್ದವರು ಆಮೇಲೆ ಚೀನೀ ಅಂಗಿ ತೊಟ್ಟರು, ಊರವರ ಮಾತನ್ನು ಅವರ ಹಾಗೆಯೇ ಆಡಲು ಕಲಿತರು. ಪಾದ ಕಟ್ಟಿಸಿಕೊಂಡ ಹುಡುಗಿಯರಿಗೆ ಶಾಲೆಯಲ್ಲಿ ಅಕ್ಷರ ಕಲಿಸಿದರು. ಆದರೆ ನಾಲ್ಕು ಗೋಡೆಯ ಆ ಕೆಲಸ ಆಕೆಗೆ ಸಾಲಲಿಲ್ಲ. ಹೆಂಗಸರಿಗೂ ಸ್ವತಂತ್ರವಾಗಿ ದೊಡ್ಡ ಕೆಲಸ ಮಾಡುವ ಅವಕಾಶ ಬೇಕು, ಮಿಷನ್ ಸಭೆಗಳಲ್ಲಿ ಸಮಾನ ದನಿ ಬೇಕು ಎಂದು 1880ರ ದಶಕದಲ್ಲಿ ಮುಚ್ಚುಮರೆಯಿಲ್ಲದೆ ಬರೆದರು.

1885ರಲ್ಲಿ ಆಕೆ ಮಾಡಿದ್ದು ಇನ್ನೂ ದಿಟ್ಟ ಕೆಲಸ. ಹೇಸರಗತ್ತೆಗಳು ಹೊತ್ತ ಡೋಲಿಯಲ್ಲಿ ಕುಲುಕಾಡುತ್ತ, ನೂರು ಮೈಲಿಗೂ ಆಚೆ ಒಳನಾಡಿನಲ್ಲಿದ್ದ ಪಿಂಗ್‌ಡು ಪಟ್ಟಣಕ್ಕೆ ಹೋಗಿ ಒಬ್ಬಂಟಿಯಾಗಿ ಬಾಡಿಗೆ ಮನೆ ಹಿಡಿದರು. ಶಾನ್‌ಡಾಂಗ್‌ನ ಚಳಿ ಎಲುಬು ಕೊರೆಯುತ್ತದೆ. ಅಲ್ಲಿಯ ಮನೆಗಳಲ್ಲಿ ಮಲಗುವುದು ಇಟ್ಟಿಗೆಯ ಜಗಲಿಯ ಮೇಲೆ. ಅಡಿಗೆಯ ಒಲೆಯ ಹೊಗೆ ಅದರೊಳಗೆ ಹಾದು ಬಿಸಿ ಕೊಡುತ್ತದೆ, ಅದಕ್ಕೆ ‘ಕಾಂಗ್’ ಎನ್ನುತ್ತಾರೆ. ಹಳ್ಳಿಗೆ ಹೋದರೆ ಆಕೆಯ ವಾಸವೂ ಅದರ ಮೇಲೆಯೇ. ಸುತ್ತ ಹೆಂಗಸರು ಮಕ್ಕಳು ಗಿಜಿಗುಟ್ಟಿ ಮುಟ್ಟಿ ನೋಡುವವರು, ಬಟ್ಟೆಯ ಬೆಲೆ ಕೇಳುವವರು, ಮದುವೆಯೇಕೆ ಆಗಲಿಲ್ಲವೆಂದು ವಿಚಾರಿಸುವವರು. ಬೆಳಗಿನಿಂದ ಬೈಗಿನವರೆಗೆ ಗಂಟಲು ಒಣಗುವಂತೆ ಮಾತು, ಪಾಠ, ಪ್ರಾರ್ಥನೆ. ಡಿಸೆಂಬರ್ 25 ಆ ಹಳ್ಳಿಗಳ ಪಂಚಾಂಗದಲ್ಲಿ ಬರಿಯ ಚಳಿಗಾಲದ ಒಂದು ದಿನ. ಅವರ ಹಬ್ಬವೆಂದರೆ ಅಮಾವಾಸ್ಯೆ ಲೆಕ್ಕದ ಹೊಸ ವರ್ಷ. ಮನೆಯವರ ಕ್ರಿಸ್‌ಮಸ್ ಪತ್ರ ಬರುವುದು ಹಬ್ಬ ಕಳೆದು ಎಷ್ಟೋ ದಿನಕ್ಕೆ. ಪರದೇಶದಲ್ಲಿ ಮಿಷನರಿಯ ಕ್ರಿಸ್‌ಮಸ್ ಎಂದಾಗ ಮೋಂಬತ್ತಿ, ಗೀತೆಗಳ ಚಿತ್ರ ಬರೆಯುವವರು ಈ ಒಂಟಿತನವನ್ನು ಅದರ ಪಕ್ಕದಲ್ಲಿ ಇಡಬೇಕು.

1887ರಲ್ಲಿ ಪಿಂಗ್‌ಡುವಿನ ಹತ್ತಿರದ ಶಾಲಿಂಗ್ ಹಳ್ಳಿಯಿಂದ ಕೆಲವು ಗಂಡಸರು ಆಕೆಯ ಮನೆ ಹುಡುಕಿಕೊಂಡು ಬಂದು, ಹೊಸ ಧರ್ಮದ ವಿಷಯ ತಿಳಿಸಿ ಎಂದರು. ಗಂಡಸರಿಗೆ ಹೆಂಗಸು ಬೋಧಿಸಬಾರದೆಂಬ ಕಟ್ಟಳೆ ಆಕೆಯ ಸಭೆಯದು. ಕೇಳಲು ಬಂದವರನ್ನು ವಾಪಸು ಕಳಿಸಲು ಆಕೆಗೆ ಮನಸ್ಸಾಗಲಿಲ್ಲ. ಹಳ್ಳಿಗೆ ಹೋಗಿ ಕಲಿಸಿದರು. ದೀಕ್ಷಾಸ್ನಾನಕ್ಕೆ ಮಾತ್ರ ಪುರುಷ ಪಾದ್ರಿಗಳು ಬರಬೇಕಾಯಿತು. ಮುಂದೆ ಆ ಹೊಸ ಕ್ರೈಸ್ತರಿಗೆ ಸ್ವಂತ ಮನೆಯವರಿಂದಲೇ ಏಟು ಬಿದ್ದಾಗ ಆಕೆ ಅಲ್ಲಿಗೆ ಧಾವಿಸಿದರು. ಪೆಟ್ಟು ತಿಂದವರಲ್ಲಿ ಒಬ್ಬರಾದ ಲೀ ಶೌಟಿಂಗ್ ಉತ್ತರ ಚೀನಾದ ಹೆಸರಾಂತ ಪಾದ್ರಿಯಾದರು. ಪತ್ರ ಬರೆಯುವ ಹೊತ್ತಿಗೇ ಕೆಲಸ ಕೈಮೀರಿ ಬೆಳೆಯುತ್ತಿತ್ತು, ಹಂಚಿಕೊಳ್ಳಲು ಜೊತೆಗೆ ಯಾರೂ ಇರಲಿಲ್ಲ. ಬಿಟ್ಟು ಊರಿಗೆ ಹೋದರೆ ಎಲ್ಲ ಚೆದುರೀತೆಂಬ ಹೆದರಿಕೆ ಬೇರೆ. ಸೆಪ್ಟೆಂಬರ್‌ನ ಆ ಪತ್ರದ ಹಿಂದೆ ಇದ್ದದ್ದು ಈ ಹೊರೆ, ಈ ಹೆದರಿಕೆ.

ಕನ್ನಡದವರಾದ ನಮಗೆ ಮಿಷನರಿ ಎಂದೊಡನೆ ನೆನಪಾಗುವುದು 1843ರ ‘ಮಂಗಳೂರ ಸಮಾಚಾರ’ದ ಮೊಗ್ಲಿಂಗ್, 1894ರ ನಿಘಂಟಿನ ಕಿಟೆಲ್. ನುಡಿಗೆ ಅವರು ಮಾಡಿದ ಉಪಕಾರ ದೊಡ್ಡದು, ಅವರನ್ನು ನೆನೆಯುವುದು ನ್ಯಾಯ. ಅವರ ಹಾಗೆಯೇ ಕಡಲು ದಾಟಿ ಬಂದು ಹುಡುಗಿಯರಿಗೆ ಓದು, ಹೊಲಿಗೆ ಕಲಿಸಿದ ಹೆಂಗಸರ ಹೆಸರು ನಮ್ಮಲ್ಲಿ ಎಷ್ಟು ಜನರ ಬಾಯಲ್ಲಿದೆ? ಲಾಟಿ ಮೂನ್ ಬಗ್ಗೆ ಓದುವಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

ಪತ್ರಕ್ಕೆ ಉತ್ತರ ತಡವಾಗಲಿಲ್ಲ. 1888ರ ಮೇ ತಿಂಗಳಲ್ಲಿ ರಿಚ್ಮಂಡ್‌ನಲ್ಲಿ ಬ್ಯಾಪ್ಟಿಸ್ಟ್ ಹೆಂಗಸರು ತಮ್ಮದೇ ಮಿಷನ್ ಸಂಘ ಕಟ್ಟಿದರು. ಕಾರ್ಯದರ್ಶಿ ಬಾಲ್ಟಿಮೋರ್‌ನ ಆನಿ ಆರ್ಮ್‌ಸ್ಟ್ರಾಂಗ್. ಆಕೆ ಮಹಾ ಪತ್ರಗಾರ್ತಿ, ಸಭೆ ಸಭೆಗೂ ಕೈಯಾರೆ ಬರೆದು ಆ ವರ್ಷದ ಕ್ರಿಸ್‌ಮಸ್‌ಗೆ ಕಾಣಿಕೆ ಕೇಳಿದರು. ಇಬ್ಬರು ಹೆಂಗಸರನ್ನು ಚೀನಾಕ್ಕೆ ಕಳಿಸಲು ಎರಡು ಸಾವಿರ ಡಾಲರ್ ಬೇಕೆಂದು ಅಂದಾಜು. ಬಂದದ್ದು 3,315 ಡಾಲರ್. ಇಬ್ಬರ ಬದಲು ಮೂವರು ಹೊರಟರು. ಅವರನ್ನು ಪಳಗಿಸಿದ ಮೇಲೆ, 1891ರಲ್ಲಿ, ಲಾಟಿ ಊರಿಗೆ ಹೋಗಿ ವಿಶ್ರಾಂತಿ ಪಡೆದರು.

ಆಮೇಲಿನದು ಕಷ್ಟಕಾಲ. 1894–95ರ ಚೀನಾ–ಜಪಾನ್ ಯುದ್ಧ, 1900ರ ಬಾಕ್ಸರ್ ದಂಗೆ, 1911ರ ಕ್ರಾಂತಿ, ಪ್ಲೇಗು, ಬರ. ದಂಗೆಯ ಕಾಲದಲ್ಲಿ ಜಪಾನಿನ ಫುಕುವೋಕಾಕ್ಕೆ ಹೋಗಿದ್ದು ಹಿಂದಿರುಗಿದರು. ಬರಗಾಲದಲ್ಲಿ ಕೈಯಲ್ಲಿದ್ದ ಹಣವನ್ನು ಹಸಿದವರಿಗೆ ಕೊಟ್ಟರು. 1912ರ ಹೊತ್ತಿಗೆ ದೇಹ, ಮನಸ್ಸು ಎರಡೂ ಕುಸಿದಿದ್ದವು. ದಾದಿಯೊಬ್ಬರ ಜೊತೆ ಆಕೆಯನ್ನು ಅಮೆರಿಕಕ್ಕೆ ಹಡಗು ಹತ್ತಿಸಿದರು. ಡಿಸೆಂಬರ್ 24ರಂದು, ಹಡಗು ಜಪಾನಿನ ಕೋಬೆ ಬಂದರಿನಲ್ಲಿ ನಿಂತಿದ್ದಾಗ, 72ನೇ ವಯಸ್ಸಿನಲ್ಲಿ ತೀರಿಕೊಂಡರು. ಜಪಾನಿನಲ್ಲೇ ದಹನವಾಯಿತು, ಬೂದಿ ವರ್ಜೀನಿಯಾದ ಕ್ರೂ ಎಂಬ ಊರಿನ ಮಣ್ಣು ಸೇರಿತು.

ಕ್ರಿಸ್‌ಮಸ್ ಹಿಂದಿನ ದಿನದ ಈ ಸಾವಿನ ಸುತ್ತ ಕಥೆ ಬೆಳೆಯಿತು. ಚೀನೀಯರಿಗಾಗಿ ಅನ್ನ ಬಿಟ್ಟು ಹಸಿವಿನಿಂದಲೇ ಸತ್ತರೆಂದು ಚರ್ಚುಗಳಲ್ಲಿ ತಲೆಮಾರುಗಳ ಕಾಲ ಹೇಳಿದರು, ಕಾಣಿಕೆ ಎತ್ತಿದರು. 2011ರಲ್ಲಿ ಆಕೆಯ ಬಗ್ಗೆ ಪುಸ್ತಕ ಬರೆದ ಇತಿಹಾಸಕಾರ್ತಿ ರೆಜಿನಾ ಸಲ್ಲಿವನ್, ಇದಕ್ಕೆ ಗಟ್ಟಿ ಆಧಾರವಿಲ್ಲ, ಕೊನೆಗಾಲದ ಕಾಯಿಲೆಯನ್ನು ಹುತಾತ್ಮಳ ಕಥೆಯಾಗಿ ಮಾಡಿದ್ದಾರೆ ಎಂದು ವಾದಿಸುತ್ತಾರೆ. ಆ ವಾದ ನನಗೆ ಒಪ್ಪಿಗೆ. ಕಥೆ ಕಳಚಿದರೆ ಆಕೆ ಕುಗ್ಗುವುದಿಲ್ಲ. ಹಸಿದು ಸತ್ತ ಸಂತಳನ್ನು ಪೂಜಿಸುವುದು ಸುಲಭ. ರಜೆ ಕೊಡಿ, ಜೊತೆಗಾರ್ತಿಯರನ್ನು ಕಳಿಸಿ, ಸಭೆಯಲ್ಲಿ ದನಿ ಕೊಡಿ ಎಂದು ವರ್ಷಗಟ್ಟಲೆ ಕೇಳಿದವಳಿಗೆ ಉತ್ತರ ಕೊಡುವುದು ಕಷ್ಟ.

ಆನಿ ಆರ್ಮ್‌ಸ್ಟ್ರಾಂಗ್ ಸಲಹೆಯಂತೆ ಕಾಣಿಕೆಗೆ ಲಾಟಿ ಮೂನ್ ಹೆಸರಿಟ್ಟದ್ದು 1918ರಲ್ಲಿ. ದಕ್ಷಿಣ ಬ್ಯಾಪ್ಟಿಸ್ಟ್ ಒಕ್ಕೂಟ ತನ್ನ ಮಹಾಸಭೆಯಲ್ಲಿ ಹೆಂಗಸರನ್ನು ಪ್ರತಿನಿಧಿಗಳಾಗಿ ಕೂರಿಸಲು ಒಪ್ಪಿದ್ದೂ ಅದೇ ವರ್ಷ. ಅಷ್ಟರಲ್ಲಿ ಅವರು ಎತ್ತಿದ ಹಣ ಮೂವತ್ತು ಕ್ರಿಸ್‌ಮಸ್‌ಗಳಷ್ಟು ಕಾಲ ಮಿಷನರಿಗಳನ್ನು ಸಾಕಿತ್ತು.