ಲೇಸರ್ ಲೆವೆಲರ್ ನಿಂತರೆ ಮೊದಲು ಏನು ನೋಡಬೇಕು?

ನಮ್ಮ ಎರೆ ಸೀಮೆಯಲ್ಲಿ ಹೊಲ ಮಟ್ಟ ಮಾಡಲು ಸಿಗುವ ಹೊತ್ತು ಬಹಳ ಕಡಿಮೆ. ಹಿಂಗಾರಿ ಕಡಲೆ, ಜೋಳದ ರಾಶಿ ಮುಗಿಯಬೇಕು, ರೋಹಿಣಿ ಮಳೆ ಬಿದ್ದಿರಬಾರದು. ಎಲ್ಲರಿಗೂ ಯಂತ್ರ ಬೇಕಾಗುವುದು ಇದೇ ಎರಡು ತಿಂಗಳಲ್ಲಿ. ಬಾಡಿಗೆ ಗಂಟೆ ಲೆಕ್ಕ, ಸರದಿಗೆ ವಾರಗಟ್ಟಲೆ ಕಾಯಬೇಕು. ಅಂಥಾದ್ದು ನಮ್ಮ ಹೊಲಕ್ಕೆ ಬಂದು ನಿಂತುಬಿಟ್ಟರೆ ಡ್ರೈವರ್ "ಕಂಪ್ಯೂಟರ್ ಹೋಗೇತ್ರಿ" ಅಂತ ಹೇಳಿ ಬೇವಿನ ಗಿಡದ ನೆರಳಿಗೆ ಕೂಡುತ್ತಾನೆ. ಮೆಕ್ಯಾನಿಕ್ ಮೂರನೇ ದಿನ ಬಂದು ಒಂದು ವೈರು ಬಿಗಿ ಮಾಡಿ ದುಡ್ಡು ಎಣಿಸಿಕೊಂಡು ಹೋಗುತ್ತಾನೆ. ಅಷ್ಟರಲ್ಲಿ ಸರದಿ ಬೇರೆಯವರದು. ನಾಲ್ಕು ಬೇಸಿಗೆ ಇದನ್ನು ನೋಡಿದೆ. ನಾನು ಕಂಡ ಮಟ್ಟಿಗೆ ಕಂಪ್ಯೂಟರ್ ಹೋದದ್ದು ಅಪರೂಪ.

ಈ ಯಂತ್ರ 2001ರ ಸುಮಾರಿಗೆ ಪಶ್ಚಿಮ ಉತ್ತರಪ್ರದೇಶಕ್ಕೆ ಬಂತು, ನಮ್ಮ ಕಡೆ ಬರಲು ಮುಂದೆ ವರ್ಷಗಳೇ ಹಿಡಿದವು. ಕೆಲಸ ತಿಳಿಯಲು ಕಷ್ಟವಿಲ್ಲ. ಹೊಲದಲ್ಲಿ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಲೇಸರ್ ಡಬ್ಬಿ ತಿರುಗುತ್ತಾ ಒಂದೇ ಮಟ್ಟದಲ್ಲಿ ಬೆಳಕು ಬಿಡುತ್ತದೆ. ಟ್ರ್ಯಾಕ್ಟರ್ ಎಳೆಯುವ ಬಕೆಟ್ಟಿನ ಕಂಬದ ತುದಿಗೆ ಆ ಬೆಳಕನ್ನು ಹಿಡಿಯುವ ರಿಸೀವರ್ ಇದೆ. ಅದು ಡ್ರೈವರ್ ಪಕ್ಕದ ಕಂಟ್ರೋಲ್ ಪೆಟ್ಟಿಗೆಗೆ ಸುದ್ದಿ ಕೊಡುತ್ತದೆ. ಪೆಟ್ಟಿಗೆ ಬ್ಯಾಟರಿಯ 12 ವೋಲ್ಟ್ ಕರೆಂಟನ್ನು ಸೊಲೆನಾಯ್ಡ್ ವಾಲ್ವಿಗೆ ಬಿಡುತ್ತದೆ. ವಾಲ್ವ್ ತೆರೆದರೆ ಟ್ರ್ಯಾಕ್ಟರಿನ ಹೈಡ್ರಾಲಿಕ್ ಎಣ್ಣೆ ಸಿಲಿಂಡರಿಗೆ ಹೋಗಿ ಬಕೆಟ್ ಏರುತ್ತದೆ ಇಲ್ಲವೆ ಇಳಿಯುತ್ತದೆ. ಅಂದರೆ ಬೆಳಕು, ಕರೆಂಟು, ಎಣ್ಣೆ. ಮೂರರಲ್ಲಿ ಕೆಟ್ಟದ್ದು ಯಾವುದು ಅನ್ನುವುದನ್ನು ಒಂದು ನಟ್ಟೂ ಬಿಚ್ಚದೆ ಕಂಡುಹಿಡಿಯಬಹುದು.

ಮೊದಲು ಪೆಟ್ಟಿಗೆಯ ಆಟೊ ಸ್ವಿಚ್ಚನ್ನು ಮ್ಯಾನುಯಲ್‌ಗೆ ಹಾಕಿ, ಕೈಯಿಂದ ಮೇಲೆ-ಕೆಳಗೆ ಒತ್ತಿ ನೋಡ್ರಿ. ಬಕೆಟ್ ಸರಿಯಾಗಿ ಆಡಿದರೆ ಎಣ್ಣೆ, ವಾಲ್ವ್ ಚೆನ್ನಾಗಿವೆ. ತಪ್ಪು ಬೆಳಕಿನ ಕಡೆ ಇದೆ. ಲೇಸರ್ ಡಬ್ಬಿಯ ಬ್ಯಾಟರಿ ಇಳಿದಿರಬಹುದು. ರಿಸೀವರಿನ ಗಾಜಿಗೆ ಧೂಳು ಕೂತಿರಬಹುದು, ನಮ್ಮ ಎರೆ ಧೂಳು ಅರ್ಧ ದಿನಕ್ಕೆ ಪರದೆ ಕಟ್ಟುತ್ತದೆ. ಟ್ರ್ಯಾಕ್ಟರಿನ ಮೇಲ್ಛಾವಣಿಯೇ ಬೆಳಕಿಗೆ ಅಡ್ಡ ಬಂದಿರಬಹುದು. ಇವು ಮೂರೂ ಅಲ್ಲದಿದ್ದರೆ ರಿಸೀವರಿನಿಂದ ಬರುವ ಕೇಬಲ್ಲನ್ನು ಬೆರಳಲ್ಲಿ ಸವರುತ್ತಾ ಬನ್ನಿ. ಕಂಬದ ಬುಡದಲ್ಲಿ ಅದು ಮಡಿಕೆ ಬಿದ್ದು ಒಳಗೇ ತುಂಡಾಗುತ್ತದೆ.

ಮ್ಯಾನುಯಲ್‌ನಲ್ಲೂ ಆಡದಿದ್ದರೆ ವಾಲ್ವಿನ ಹತ್ತಿರ ಹೋಗಬೇಕು. ಅದಕ್ಕೆ ಮುಂಚೆ ಒಂದು ಮಾತು: ಎತ್ತಿದ ಬಕೆಟ್ಟಿನ ಕೆಳಗೆ ಕೈ, ಕಾಲು, ತಲೆ ಯಾವುದನ್ನೂ ಇಡಬೇಡಿ, ಹುಡುಗರನ್ನು ದೂರ ಕಳಿಸಿ. ಎಣ್ಣೆಯ ಪೈಪ್ ಬಿಚ್ಚುವುದಾದರೆ ಬಕೆಟ್ ನೆಲಕ್ಕೆ ಇಳಿಸಿ, ಇಂಜಿನ್ ಆರಿಸಿಯೇ ಬಿಚ್ಚಬೇಕು.

ಸೊಲೆನಾಯ್ಡಿನ ತುದಿಯಲ್ಲಿ ಚಿಕ್ಕದೊಂದು ಪಿನ್ ಕಾಣುತ್ತದೆ. ಇಂಜಿನ್ ಓಡುವಾಗ ಬಕೆಟ್ಟಿನಿಂದ ಸರಿದು ನಿಂತು ಸಣ್ಣ ಸ್ಕ್ರೂಡ್ರೈವರ್‌ನಿಂದ ಅದನ್ನು ಒತ್ತಿ. ಕರೆಂಟಿಲ್ಲದೆ ಕೈಯಿಂದಲೇ ವಾಲ್ವ್ ತೆರೆದಂತೆ ಇದು. ಬಕೆಟ್ ಆಡಿದರೆ ಎಣ್ಣೆ ಸರಿ, ಕರೆಂಟು ತಪ್ಪು. ಆಡದಿದ್ದರೆ ವೈರಿನ ತಂಟೆಗೇ ಹೋಗಬೇಡಿ. ಟ್ರ್ಯಾಕ್ಟರಿನ ಎಣ್ಣೆ ಮಟ್ಟ ನೋಡಿ, ಪೈಪಿನ ಕಪ್ಲಿಂಗ್ ಪೂರಾ ಕೂತಿದೆಯೇ ನೋಡಿ, ಹೋಗುವ ಪೈಪು ಬರುವ ಪೈಪು ಅದಲುಬದಲಾಗಿವೆಯೇ ನೋಡಿ. ಕೆಲವು ಟ್ರ್ಯಾಕ್ಟರಿನಲ್ಲಿ ಎಣ್ಣೆಯನ್ನು ಲಿಫ್ಟಿನಿಂದ ಹೊರಗಿನ ಪೈಪಿಗೆ ತಿರುಗಿಸುವ ನಾಬ್ ಇರುತ್ತದೆ, ಹೊಸ ಡ್ರೈವರಿಗೆ ಅದು ಗೊತ್ತೇ ಇರುವುದಿಲ್ಲ.

ಕರೆಂಟಿನ ತಪ್ಪು ಹುಡುಕುವುದೇ ತುಸು ತಾಳ್ಮೆಯ ಕೆಲಸ. ಹೋದ ಬೇಸಿಗೆ ಪಕ್ಕದ ಹೊಲದಲ್ಲಿ ಬಕೆಟ್ ಇಳಿಯುತ್ತಿತ್ತು, ಏರುತ್ತಿರಲಿಲ್ಲ. ಡ್ರೈವರ್ ಕಾಯಿಲ್ ಸುಟ್ಟಿದೆ ಅಂದ. ಒಬ್ಬರು ಸ್ವಿಚ್ ಒತ್ತಿ ಹಿಡಿದರು, ನಾನು ಕಾಯಿಲಿನ ನಟ್ಟಿಗೆ ಸ್ಕ್ರೂಡ್ರೈವರ್ ಮೂತಿ ತಾಗಿಸಿದೆ. ಕರೆಂಟು ಬಂದರೆ ಕಾಯಿಲ್ ಅಯಸ್ಕಾಂತದ ಹಾಗೆ ಕಬ್ಬಿಣ ಎಳೆಯುತ್ತದೆ. ಇಳಿಸುವ ಕಾಯಿಲ್ ಚೆನ್ನಾಗಿ ಎಳೆಯಿತು, ಏರಿಸುವುದು ಬರೀ ನೆಪಕ್ಕೆ. ಆಮೇಲೆ ಎರಡು ಕಾಯಿಲುಗಳ ಪ್ಲಗ್ ಅದಲುಬದಲು ಮಾಡಿ ಹಾಕಿದೆವು. ಈಗ ಏರಿಸುವ ಕಾಯಿಲೇ ಎಳೆಯತೊಡಗಿತು, ಇನ್ನೊಂದು ಸುಮ್ಮನಾಯಿತು. ಅಂದಮೇಲೆ ಕಾಯಿಲ್ ಸುಟ್ಟಿಲ್ಲ, ಬೇನೆ ಆ ಪ್ಲಗ್ಗಿಗೆ ಬರುವ ವೈರಿನಲ್ಲಿ.

ಆ ಪ್ಲಗ್ಗಿಗೆ ಮೀಟರ್ ಹಿಡಿದರೆ 12 ವೋಲ್ಟ್ ಪೂರಾ ತೋರಿಸುತ್ತಿತ್ತು! ಬಹಳ ಜನ ಏಮಾರುವುದು ಇಲ್ಲೇ. ಪ್ಲಗ್ ಬಿಚ್ಚಿ ಅಳೆದಾಗ ಒಂದೇ ಎಳೆ ತಂತಿ ಉಳಿದಿದ್ದರೂ ಮೀಟರಿಗೆ ಸಾಕು, ಕಾಯಿಲಿಗೆ ಸಾಲದು. ಕಾಯಿಲ್ ಜೋಡಿಸಿ, ಸ್ವಿಚ್ ಒತ್ತಿ ಹಿಡಿದುಕೊಂಡೇ ಅಳೆಯಬೇಕು. ಹಾಗೆ ಅಳೆದಾಗ 7 ವೋಲ್ಟೂ ಇರಲಿಲ್ಲ. ಪ್ಲಗ್ ಒಳಗೆ ತಂತಿ ಹಸಿರು ಹಿಡಿದು ಕೂದಲಿನಷ್ಟು ಉಳಿದಿತ್ತು. ಅದನ್ನು ಕತ್ತರಿಸಿ, ಹೊಸದಾಗಿ ಸುಲಿದು, ಕಚ್ಚಿಸಿ ಟೇಪ್ ಸುತ್ತಿದೆವು. ಪ್ಲಗ್ ಮೊದಲಿನಂತೆ ತಮ್ಮ ತಮ್ಮ ಜಾಗಕ್ಕೆ ಹೋದವು. ಊಟದ ಹೊತ್ತಿಗೆ ಬಕೆಟ್ ಓಡಿತು.

ಎರಡೂ ಕಾಯಿಲ್ ಸೋತಿದ್ದರೆ ಫ್ಯೂಸ್ ನೋಡಿ, ಆಮೇಲೆ ಅರ್ಥ್ ವೈರ್. ಅದನ್ನು ಬಣ್ಣ ಬಳಿದ ಬೋಲ್ಟಿಗೆ ಬಿಗಿದು ಬಿಟ್ಟಿರುತ್ತಾರೆ. ಕೆರೆದು ಬಿಗಿಯುವುದಕ್ಕಿಂತ ಬ್ಯಾಟರಿಯ ಮೈನಸ್‌ಗೇ ಒಂದು ದಪ್ಪ ವೈರು ಎಳೆಯುವುದು ಒಳ್ಳೆಯದು ಅಂತ ನನ್ನ ಮತ.

ಕೆಲವೊಮ್ಮೆ ಯಂತ್ರ ನಿಲ್ಲುವುದಿಲ್ಲ, ಬಕೆಟ್ ಮಾತ್ರ ಜ್ವರ ಬಂದವರಂತೆ ಮೇಲೆ-ಕೆಳಗೆ ನಡುಗುತ್ತದೆ, ನೆಲ ಅಲೆ ಅಲೆಯಾಗುತ್ತದೆ. ಕಂಬದ ಬೋಲ್ಟ್ ಸಡಿಲವಾಗಿದ್ದರೆ, ಗಾಳಿಗೆ ಸ್ಟ್ಯಾಂಡ್ ಅಲುಗಿದರೆ, ಎಣ್ಣೆ ಬಹಳ ಜೋರಾಗಿ ಹರಿದರೆ ಹೀಗಾಗುತ್ತದೆ. ಒಂದು ಕಡೆ ಮಾತ್ರ ಆಳ ಕೆತ್ತಿದರೆ ಬಕೆಟ್ಟಿನ ಎರಡು ಚಕ್ರಗಳ ಗಾಳಿ ನೋಡಿ. ಸ್ವಿಚ್ ಮುಟ್ಟದಿದ್ದರೂ ಬಕೆಟ್ ತಾನೇ ಕುಸಿಯುತ್ತಿದ್ದರೆ ಸಿಲಿಂಡರಿನ ಸೀಲೋ ವಾಲ್ವೋ ಸೋರುತ್ತಿದೆ, ಅದು ವರ್ಕ್‌ಶಾಪಿನ ಕೆಲಸ.

ಇನ್ನೊಂದು ಇದೆ, ಅದು ಕೆಟ್ಟದ್ದೇ ಅಲ್ಲ. ಎರೆ ಹೊಲಕ್ಕೆ ನೀರು ನಿಲ್ಲಬಾರದೆಂದು ತುಸು ಇಳಿಜಾರು ಇಟ್ಟು ಮಟ್ಟ ಮಾಡಿಸುವವರಿದ್ದಾರೆ. ಲೇಸರ್ ಡಬ್ಬಿಯಲ್ಲಿ ಆ ಇಳಿಜಾರಿನ ಅಂಕಿ ಹಾಕಲು ಬರುತ್ತದೆ. ಹಿಂದಿನ ಹೊಲದ ಅಂಕಿ ಹಾಗೇ ಉಳಿದರೆ ನಿಮ್ಮ ಹೊಲದ ಮೇಲ್ಮಣ್ಣು ಒಂದು ಬದುವಿಗೆ ಹೋಗಿ ಬೀಳುತ್ತದೆ. ಅದನ್ನು ಮರಳಿ ತರಲು ಇನ್ನೊಂದು ಬಾಡಿಗೆ ಬೇಕು. ಕೆಲಸ ಶುರುವಾಗುವ ಮೊದಲು ಡ್ರೈವರಿಗೆ ಹೇಳಿ ಅದನ್ನು ತೆರೆಸಿ ನೋಡಿ. ಒಂದು ಗಂಟೆ ಓಡಿಸಿದ ಮೇಲೆ ಅಳತೆ ಕೋಲು ಹಿಡಿದು ನಾಲ್ಕು ಮೂಲೆ ತಿರುಗಿ ಬನ್ನಿ.